ಅರಿಯುವವನು ಯಾರು? ಸ್ವಾನುಭವದಲ್ಲಿ ಆತ್ಮ ಮತ್ತು ದ್ವೈತ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿ, ಶನಿವಾರಸಂತೆಗೆ ಸಮೀಪದ ಮುಳ್ಳೂರಿನಲ್ಲಿ, ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಸ್ವಾಮಿಗಳ ಮೂರು ಪ್ರಾಚೀನ ಬಸದಿಗಳಿವೆ. ಕೊಂಗಾಳ್ವ ಅರಸರ ಕಾಲದ ಶಾಸನಗಳು ಅಲ್ಲಿ ದೊರೆತಿವೆ. ರಾಜೇಂದ್ರ ಕೊಂಗಾಳ್ವನ ತಾಯಿಯಾದ ಪೋಚಬ್ಬರಸಿಯು ಅಲ್ಲಿ ಬಸದಿಯನ್ನು ಮಾಡಿಸಿದಳೆಂದೂ, ಗುಣಸೇನ ಪಂಡಿತರು ಆಕೆಯ ಗುರುಗಳಾಗಿದ್ದರೆಂದೂ ಅವುಗಳಿಂದ ತಿಳಿದುಬರುತ್ತದೆ. ದ್ರವಿಳ ಗಣ, ನಂದಿ ಸಂಘ, ಅರುಂಗಳಾನ್ವಯಕ್ಕೆ ಸೇರಿದ ಈ ಪಂಡಿತರು ಶಕವರ್ಷ 986ರಲ್ಲಿ, ಎಂದರೆ ಕ್ರಿ.ಶ. 1064ರಲ್ಲಿ, ದೇಹವನ್ನು ತೊರೆದು ಮುಕ್ತಿಯನ್ನು ಪಡೆದರೆಂದು ಒಂದು ಶಾಸನವು ಹೇಳುತ್ತದೆ. ಲೂಯಿ ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳನ್ನು ಪ್ರಕಟಿಸಿದಾಗ ಈ ಕಲ್ಲಿನ ಮಾತು ಮತ್ತೆ ಬೆಳಕಿಗೆ ಬಂದಿತು.

ಶಾಸ್ತ್ರವನ್ನು ಬಲ್ಲ ಶ್ರಾವಕನು ಇಲ್ಲಿ ಸ್ವಲ್ಪ ತಡೆದು ನಿಲ್ಲುತ್ತಾನೆ. ಜಂಬೂಸ್ವಾಮಿಗಳ ತರುವಾಯ ಈ ಭರತಕ್ಷೇತ್ರದಿಂದ, ಈ ಪಂಚಮಕಾಲದಲ್ಲಿ, ಯಾರಿಗೂ ಮೋಕ್ಷವಿಲ್ಲವೆಂದು ಆಗಮವು ಹೇಳುತ್ತದಷ್ಟೆ. ಹೀಗಿರುವಲ್ಲಿ ಶಾಸನದ ಮಾತನ್ನು ಗುರುಭಕ್ತಿಯ ಮಾತೆಂದೇ ತಿಳಿಯಬೇಕು. ಆದರೆ ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಬೇಕಾದ ಅಂಶ ಬೇರೆಯದು. ಆ ವಾಕ್ಯಕ್ಕೆ ಒಬ್ಬ ಕರ್ತೃವಿದ್ದಾನೆ. ಒಬ್ಬರು ಬಿಟ್ಟರು, ಒಂದನ್ನು ಬಿಟ್ಟರು, ಒಂದೆಡೆಗೆ ಹೋದರು. ಬಿಟ್ಟವನೂ ಬಿಡಲ್ಪಟ್ಟದ್ದೂ ಎರಡಾದ ಹೊರತು ಆ ಕಲ್ಲಿನ ಮೇಲಿನ ಅಕ್ಷರಗಳಿಗೆ ಅರ್ಥವೇ ಇಲ್ಲ.

ಇದೇ ಶಾಸನವನ್ನು ಮೂವರು ಓದುತ್ತಾರೆಂದು ಭಾವಿಸಬಹುದು. ಆತ್ಮವೆಂಬುದೇ ಇಲ್ಲ, ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುವ ಅನುಭವಗಳ ಸಾಲೊಂದಿದೆ ಅಷ್ಟೆ ಎನ್ನುವವನಿಗೆ ಅಲ್ಲಿಂದ ಹೊರಟವರು ಯಾರೂ ಇಲ್ಲ. ಇರುವುದು ಒಂದೇ ಚೈತನ್ಯ, ಎರಡೆಂಬುದು ತೋರಿಕೆ ಎನ್ನುವವನಿಗೆ ಹೋಗಬೇಕಾದ ಎಡೆಯೂ ಇಲ್ಲ, ಹೋಗುವ ಬೇರೊಬ್ಬನೂ ಇಲ್ಲ. ಗುಣಸೇನರೆಂಬ ಒಬ್ಬ ಜೀವನಿದ್ದನು, ದೇಹವು ಅವನಿಂದ ಬೇರೆಯಾಗಿದ್ದಿತು, ಅವನು ಅದನ್ನು ಅರಿತು ಬಿಟ್ಟನು ಎಂದು ಓದುವವನು ಜೈನನು. ಈ ಮೂರು ಓದುಗಳಲ್ಲಿ ಯಾವುದು ಅನುಭವಕ್ಕೆ ಒಪ್ಪುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ. ಶಾಸ್ತ್ರಪ್ರಮಾಣವನ್ನು ಮುಂದಿಟ್ಟು ಬಾಯಿ ಮುಚ್ಚಿಸುವುದು ಸುಲಭ. ಆದರೆ ಅಕಲಂಕದೇವರಂತಹ ಆಚಾರ್ಯರು ಆ ದಾರಿಯನ್ನು ಹಿಡಿಯಲಿಲ್ಲ. ಎದುರಾಳಿಯ ಮಾತನ್ನು ಪೂರ್ತಿ ಕೇಳಿದ ಮೇಲೆಯೇ ಉತ್ತರ ಕೊಟ್ಟರು.

ಈ ವಿಚಾರಕ್ಕೂ ಕೊಡಗಿಗೂ ಹಳೆಯ ನಂಟಿದೆ. ಮಡಿಕೇರಿಯ ತಾಮ್ರಪಟಗಳೆಂದು ವಿದ್ವಾಂಸರಲ್ಲಿ ಹೆಸರಾದ, ಗಂಗರ ಅವಿನೀತನ ಹೆಸರಿನ ದಾನಶಾಸನದಲ್ಲಿ, ತಲಕಾಡಿನ ಜಿನಾಲಯವೊಂದಕ್ಕೆ ಬದನೆಗುಪ್ಪೆ ಎಂಬ ಗ್ರಾಮವನ್ನು ಬಿಟ್ಟ ವಿಷಯವಿದೆ. ದಾನವನ್ನು ಪಡೆದ ಮುನಿಗಳು ಕೊಂಡಕುಂದಾನ್ವಯದವರೆಂದು ಅದು ಹೇಳುತ್ತದೆ. ಅದರಲ್ಲಿರುವ 388ನೆಯ ವರ್ಷವನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಲಿಪಿಯನ್ನೂ ಒಳಗಿನ ಹೆಸರುಗಳನ್ನೂ ಪರೀಕ್ಷಿಸಿದ ವಿದ್ವಾಂಸರು ಅದನ್ನು ಅಷ್ಟು ಹಳೆಯದೆಂದು ಒಪ್ಪುವುದಿಲ್ಲ, ಕೆಲವು ಶತಮಾನಗಳ ಅನಂತರ ಬರೆಯಲಾದುದೆನ್ನುತ್ತಾರೆ. ಅದು ಹೇಗೇ ಇರಲಿ, ಸಮಯಸಾರವನ್ನು ರಚಿಸಿದ ಕುಂದಕುಂದಾಚಾರ್ಯರ ಅನ್ವಯದ ಹೆಸರು ಕೊಡಗಿನಲ್ಲಿ ಉಳಿದುಬಂದ ತಾಮ್ರದ ಮೇಲಿದೆ. ಆತ್ಮವು ಅನುಭವದಲ್ಲಿ ಹೇಗೆ ತೋರುತ್ತದೆ ಎಂಬುದನ್ನು ಕುಂದಕುಂದರಷ್ಟು ಬಿಡಿಸಿ ಹೇಳಿದವರು ವಿರಳ.

ಮೊದಲು, ಆತ್ಮವಿಲ್ಲವೆನ್ನುವ ಪಕ್ಷವನ್ನು ನೋಡೋಣ. ಡೇವಿಡ್ ಹ್ಯೂಮ್ ಎಂಬ ಸ್ಕಾಟ್ಲೆಂಡಿನ ತತ್ತ್ವಜ್ಞಾನಿಯು 1739ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ವಾದವನ್ನು ಮಂಡಿಸಿದನು. ಒಳಗೆ ಹೊಕ್ಕು ನೋಡಿದಾಗಲೆಲ್ಲ ಶೀತ, ಉಷ್ಣ, ಪ್ರೀತಿ, ದ್ವೇಷ, ನೋವು, ನಲಿವು ಇವುಗಳಲ್ಲಿ ಯಾವುದಾದರೂ ಒಂದು ಸಿಗುತ್ತದೆ. ಇವುಗಳ ಒಡೆಯನಾದ ‘ನಾನು’ ಎಂಬುದು ಎಲ್ಲಿಯೂ ಸಿಗುವುದಿಲ್ಲ ಎಂಬುದು ಅವನ ವಾದದ ಸಾರ. ಬೌದ್ಧರು ಇದನ್ನು ಅವನಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ಹೇಳಿದ್ದರು. ಯಾರೇ ಆಗಲಿ ಸಂಜೆಯ ಸಾಮಾಯಿಕದಲ್ಲಿ ಕುಳಿತು ಪ್ರಾಮಾಣಿಕವಾಗಿ ನೋಡಿಕೊಂಡರೆ ಹ್ಯೂಮನ ಮಾತಿನಲ್ಲಿ ಸತ್ಯಾಂಶವಿದೆಯೆಂಬುದನ್ನು ಒಪ್ಪಲೇಬೇಕಾಗುತ್ತದೆ. ತೋಟದ ಚಿಂತೆ ಬರುತ್ತದೆ. ಮೊಣಕಾಲಿನ ನೋವು ಬರುತ್ತದೆ. ಬೆಳಗ್ಗೆ ಆಡಿದ ಒರಟು ಮಾತಿನ ನಾಚಿಕೆ ಬರುತ್ತದೆ. ಇವುಗಳ ನಡುವೆ ‘ನಾನು’ ಎಂಬ ಹೆಸರಿನ ಚೀಟಿ ಅಂಟಿಸಿಕೊಂಡ ವಸ್ತುವೊಂದು ಬಂದು ನಿಲ್ಲುವುದಿಲ್ಲ.

ಆಶ್ಚರ್ಯದ ಸಂಗತಿಯೆಂದರೆ ಕುಂದಕುಂದಾಚಾರ್ಯರೂ ಇದನ್ನು ಒಪ್ಪುತ್ತಾರೆ. ಸಮಯಸಾರದಲ್ಲಿ ಅವರು ಜೀವವೆಂದು ಜನರು ತಪ್ಪಾಗಿ ತಿಳಿಯುವ ಸಂಗತಿಗಳ ಒಂದು ಉದ್ದನೆಯ ಪಟ್ಟಿಯನ್ನೇ ಕೊಟ್ಟಿದ್ದಾರೆ. ಕೆಲವರು ಒಳಗಿನ ಅಧ್ಯವಸಾನವನ್ನು, ಕೆಲವರು ಕರ್ಮವನ್ನು, ಕೆಲವರು ಅದರ ಉದಯದಿಂದಾದ ಸುಖದುಃಖವನ್ನು, ಕೆಲವರು ಜೀವಕರ್ಮಗಳ ಕೂಟವನ್ನು ಆತ್ಮವೆನ್ನುತ್ತಾರೆ. ಇವು ಯಾವುವೂ ಆತ್ಮವಲ್ಲವೆಂದು ಅವರ ನಿರ್ಣಯ. ಹ್ಯೂಮನು ಹುಡುಕಿ ಕಂಡದ್ದು ಈ ಪಟ್ಟಿಯಲ್ಲಿರುವ ಸಂಗತಿಗಳನ್ನೇ. ಅವು ಆತ್ಮವಲ್ಲವೆಂದು ಅವನೂ ಹೇಳಿದನು, ಆಚಾರ್ಯರೂ ಹೇಳಿದರು. ಆದುದರಿಂದ ಆತ್ಮವೇ ಇಲ್ಲವೆಂದು ಅವನು ನಿಲ್ಲಿಸಿದನು. ಹಾಗಾದರೆ ಇವು ಯಾವುವೂ ಅಲ್ಲವೆಂದು ತಿಳಿದದ್ದು ಯಾವುದು ಎಂದು ಆಚಾರ್ಯರು ಮುಂದೆ ಕೇಳಿದರು. ಕೊಡಗಿನ ಹಳೆಯ ಮನೆಗಳಲ್ಲಿ ಮುಸ್ಸಂಜೆಗೆ ಹಚ್ಚುವ ತೂಗುದೀಪದ ಬೆಳಕಿನಲ್ಲಿ ಕಂಬ, ಬಾಗಿಲು, ಹಿರಿಯರ ಚಿತ್ರ ಎಲ್ಲವೂ ಕಾಣುತ್ತವೆ. ಕಂಡ ವಸ್ತುಗಳನ್ನು ಒಂದೊಂದಾಗಿ ಎಣಿಸಿ ‘ಇವುಗಳಲ್ಲಿ ಬೆಳಕೆಂಬ ವಸ್ತು ಇಲ್ಲ’ ಎನ್ನುವವನ ಎಣಿಕೆ ತಪ್ಪಲ್ಲ, ತೀರ್ಮಾನ ತಪ್ಪು. ಜ್ಞಾನವು ಸ್ವಪರಪ್ರಕಾಶಕವೆಂದು ಜೈನ ತರ್ಕವು ಹೇಳುವುದು ಈ ಅರ್ಥದಲ್ಲಿ. ಹೊರಗಿನದನ್ನು ಬೆಳಗುವಾಗಲೇ ಅದು ತನ್ನನ್ನೂ ಬೆಳಗಿಕೊಳ್ಳುತ್ತದೆ. ತನ್ನನ್ನು ಕಾಣಲು ಅದಕ್ಕೆ ಎರಡನೆಯ ದೀಪ ಬೇಕಾಗಿಲ್ಲ. ಉಮಾಸ್ವಾಮಿ ಆಚಾರ್ಯರು ಜೀವದ ಲಕ್ಷಣವನ್ನು ಹೇಳುವಾಗ ಒಂದು ಆಕಾರವನ್ನಾಗಲಿ ಸ್ಥಾನವನ್ನಾಗಲಿ ಹೇಳದೆ ಉಪಯೋಗವೆಂದು, ಎಂದರೆ ಕಾಣುವ ಅರಿಯುವ ವ್ಯಾಪಾರವೆಂದು, ಹೇಳಿರುವುದನ್ನು ಇಲ್ಲಿ ನೆನೆಯಬೇಕು.

ಎದುರಾಳಿಯು ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ‘ಅರಿವು ಇದೆ, ಒಪ್ಪಿದೆ. ಆದರೆ ನಿನ್ನೆಯ ಅರಿವೂ ಇಂದಿನ ಅರಿವೂ ಒಬ್ಬನದೇ ಎಂಬುದಕ್ಕೆ ಆಧಾರವೇನು? ಕ್ಷಣಕ್ಷಣಕ್ಕೂ ಹೊಸ ಅರಿವು ಹುಟ್ಟುತ್ತಿದ್ದು, ಅವುಗಳ ಹೋಲಿಕೆಯಿಂದ ಒಂದೇ ಎಂಬ ಭ್ರಮೆಯಾಗಿರಬಾರದೇಕೆ?’ ಎನ್ನುತ್ತಾನೆ. ಈ ಪ್ರಶ್ನೆಯು ಪ್ರಬಲವಾದುದು. ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಪಂಚಕಲ್ಯಾಣ ಮಹೋತ್ಸವದ ದೀಕ್ಷಾಕಲ್ಯಾಣದಲ್ಲಿ ಅಭಿನಯಿಸಿ ತೋರಿಸುವ ಪ್ರಸಂಗವೊಂದರಲ್ಲಿಯೇ ಅದು ಅಡಗಿದೆ.

ನೀಲಾಂಜನೆಯ ಕಥೆಯನ್ನು ಕೇಳದ ಶ್ರಾವಕನಿಲ್ಲ. ಜಿನಸೇನಾಚಾರ್ಯರ ಮಹಾಪುರಾಣದಲ್ಲಿರುವ ಈ ಪ್ರಸಂಗವನ್ನು ಕ್ರಿ.ಶ. 941ರಲ್ಲಿ ಪಂಪನು ಆದಿಪುರಾಣದಲ್ಲಿ ಕನ್ನಡಕ್ಕೆ ತಂದು ಅಮರವಾಗಿಸಿದನು. ಭೋಗದಲ್ಲಿ ಮುಳುಗಿದ್ದ ವೃಷಭದೇವನಿಗೆ ವೈರಾಗ್ಯದ ಕಾಲವು ಒದಗಿತೆಂದು ಅರಿತ ದೇವೇಂದ್ರನು, ಆಯುಷ್ಯವು ಮುಗಿಯುತ್ತಿದ್ದ ನೀಲಾಂಜನೆಯನ್ನು ಸಭೆಯಲ್ಲಿ ನರ್ತಿಸಲು ಕಳುಹಿದನು. ನೃತ್ಯದ ನಡುವೆಯೇ ಆಕೆಯ ದೇಹವು ಕರಗಿಹೋಯಿತು. ರಸಭಂಗವಾಗದಿರಲೆಂದು ಇಂದ್ರನು ಅಂಥದೇ ಮತ್ತೊಂದು ರೂಪವನ್ನು ಅಲ್ಲಿ ನಿಲ್ಲಿಸಿದನು. ತಾಳ ತಪ್ಪಲಿಲ್ಲ. ಸಭೆಗೆ ಏನೂ ತಿಳಿಯಲಿಲ್ಲ. ಆದಿದೇವನೊಬ್ಬನಿಗೆ ತಿಳಿಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಸಂಸಾರದ ಅನಿತ್ಯತೆಗೆ ನಿದರ್ಶನವಾಗಿ ಹೇಳುವುದುಂಟು. ಅದು ಸರಿಯೇ. ಆದರೆ ಕ್ಷಣಿಕವಾದಿಯೂ ಇದನ್ನು ತನ್ನ ಪಕ್ಷಕ್ಕೆ ಎಳೆದುಕೊಳ್ಳಬಲ್ಲನು. ‘ನೋಡಿ, ಒಬ್ಬ ನರ್ತಕಿಯೆಂದು ಸಭೆ ತಿಳಿದದ್ದು ಇಬ್ಬರನ್ನು. ನೀವು ಆತ್ಮವೆನ್ನುವುದೂ ಇಂಥದೇ ನೃತ್ಯ. ಪ್ರತಿಕ್ಷಣವೂ ಬೇರೆ ನರ್ತಕಿ’ ಎನ್ನಬಲ್ಲನು. ಮೇಲುನೋಟಕ್ಕೆ ಉತ್ತರವಿಲ್ಲದ ಮಾತು ಇದು. ಆದರೆ ವೇದಿಕೆಯ ಮೇಲಿಟ್ಟ ದೃಷ್ಟಿಯನ್ನು ಸ್ವಲ್ಪ ಸಭೆಯ ಕಡೆಗೆ ತಿರುಗಿಸಬೇಕು. ನರ್ತಕಿ ಬದಲಾದಳೆಂದು ಆದಿದೇವನಿಗೆ ತಿಳಿದದ್ದು ಹೇಗೆ? ಮೊದಲಿನವಳನ್ನು ಕಂಡವನೂ ಅನಂತರದವಳನ್ನು ಕಂಡವನೂ ಅವನೇ ಆಗಿದ್ದುದರಿಂದ. ನರ್ತಕಿಯೊಂದಿಗೆ ನೋಡುವವನೂ ಆ ಕ್ಷಣದಲ್ಲಿ ಬದಲಾಗಿಬಿಟ್ಟಿದ್ದರೆ ಬದಲಾವಣೆಯನ್ನು ಗುರುತಿಸುವವನೇ ಇರುತ್ತಿರಲಿಲ್ಲ. ಭ್ರಮೆಗೊಂಡ ಸಭಿಕರ ವಿಷಯದಲ್ಲಿಯೂ ಮಾತು ಇದೇ. ಇಬ್ಬರನ್ನು ಒಬ್ಬಳೆಂದು ಭ್ರಮಿಸಬೇಕಾದರೂ ಇಬ್ಬರನ್ನೂ ಕಂಡವನೊಬ್ಬನು ಬೇಕು. ಒಬ್ಬನು ಮೊದಲಿನವಳನ್ನು ಕಂಡು ಎದ್ದುಹೋಗಿ, ಮತ್ತೊಬ್ಬನು ಬಂದು ಎರಡನೆಯವಳನ್ನು ಕಂಡರೆ, ಅಲ್ಲಿ ‘ಒಬ್ಬಳೇ’ ಎಂಬ ತಪ್ಪು ತಿಳಿವಳಿಕೆಗೆ ಎಡೆಯೆಲ್ಲಿ? ಅನಿತ್ಯವನ್ನು ಅರಿಯುವುದಕ್ಕೆ ನಿಲ್ಲುವವನೊಬ್ಬನು ಬೇಕಾಗುತ್ತಾನೆ.

ಕ್ಷಣಿಕವಾದಿಯ ಕೊನೆಯ ಮರುಮಾತು ಹೀಗಿದೆ: ಹಿಂದಿನ ಕ್ಷಣವು ತನ್ನ ವಾಸನೆಯನ್ನು ಮುಂದಿನ ಕ್ಷಣಕ್ಕೆ ಕೊಟ್ಟು ಅಳಿಯುತ್ತದೆ, ಅದರಿಂದ ನೆನಪು ಸಾಧ್ಯ. ಹಾಗಾದರೆ ಈ ಸಾಲಿನ ವಾಸನೆ ಈ ಸಾಲಿಗೇ ಏಕೆ ಬರುತ್ತದೆ, ನೆರೆಮನೆಯವನ ಸಾಲಿಗೆ ಏಕೆ ಹೋಗುವುದಿಲ್ಲ? ಒಂದು ಸಾಲನ್ನು ಮತ್ತೊಂದು ಸಾಲಿನಿಂದ ಬೇರ್ಪಡಿಸಿ ಹಿಡಿದಿರುವ ಯಾವುದುಂಟೋ ಅದಕ್ಕೆ ಜೈನರು ದ್ರವ್ಯವೆಂಬ ಹೆಸರನ್ನು ಕೊಟ್ಟಿದ್ದಾರೆ. ಅದನ್ನು ಒಪ್ಪದಿದ್ದರೆ ಸಾಲ ಮಾಡಿದವನೊಬ್ಬ, ತೀರಿಸುವವನು ಮತ್ತೊಬ್ಬ ಎಂಬಂತಾಗುತ್ತದೆ. ಮಾಡಿದ ಕರ್ಮ ನಷ್ಟ, ಮಾಡದ ಕರ್ಮ ಪ್ರಾಪ್ತಿ ಎಂಬ ಎರಡು ದೋಷಗಳನ್ನು ನಮ್ಮ ತಾರ್ಕಿಕರು ಎತ್ತಿ ತೋರಿಸಿದ್ದು ಇದಕ್ಕಾಗಿಯೇ. ಆದರೂ ಬೌದ್ಧನಿಗೆ ಅವನ ಪಾಲನ್ನು ಕೊಡಲೇಬೇಕು. ಆತ್ಮವು ಬದಲಾಗದ ಬಂಡೆಯಲ್ಲ. ಅದರ ಪರ್ಯಾಯಗಳು ಪ್ರತಿಸಮಯವೂ ಹುಟ್ಟುತ್ತವೆ, ಅಳಿಯುತ್ತವೆ. ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಒಟ್ಟಿಗೆ ಸತ್ತಿನ ಸ್ವರೂಪ. ಬೌದ್ಧನು ಮೊದಲಿನ ಎರಡನ್ನು ಕಂಡನು, ವೇದಾಂತಿಯು ಮೂರನೆಯದನ್ನು ಕಂಡನು.

ಇನ್ನು ಈ ವಾದದಲ್ಲಿರುವ ಒಂದು ಬಿರುಕನ್ನು ಮುಚ್ಚಿಡುವುದು ಸಲ್ಲದು. ಮೇಲಿನ ಸಾಧನೆಯು ನೆನಪಿನ ಮೇಲೆ ನಿಂತಿದೆ. ಮೊದಲು ಕಂಡದ್ದನ್ನು ನೆನೆದು ಈಗ ಕಾಣುವುದರೊಂದಿಗೆ ಹೊಂದಿಸುವವನು ಒಬ್ಬನೇ ಎಂದಾಯಿತು. ನೆನಪೇ ಹೋದವನ ಗತಿಯೇನು? ಇದು ತರ್ಕಶಾಲೆಯ ಪ್ರಶ್ನೆಯಾಗಿ ಉಳಿದಿಲ್ಲ. ಆಯುಷ್ಯ ಹೆಚ್ಚಿದಂತೆ ಮನೆಮನೆಗಳಲ್ಲಿ ಇದು ಕಾಣಬರುತ್ತಿದೆ. ಜರ್ಮನಿಯ ಆಲ್‌ಝೈಮರ್ ಎಂಬ ವೈದ್ಯನು 1906ರಲ್ಲಿ ವಿವರಿಸಿದ, ಅವನ ಹೆಸರನ್ನೇ ಪಡೆದ ಮರೆವಿನ ರೋಗವು ಇಂದು ಎಲ್ಲರಿಗೂ ಪರಿಚಿತ. ಐವತ್ತು ವರ್ಷ ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದ ತಾಯಿಯು ಈಗ ಉಂಡದ್ದನ್ನು ಮರೆತು ಮತ್ತೆ ಊಟ ಕೇಳುತ್ತಾಳೆ. ಸ್ವಂತ ಮಗನನ್ನು ‘ನೀನು ಯಾರಪ್ಪಾ?’ ಎನ್ನುತ್ತಾಳೆ. ಸೂರ್ಯಾಸ್ತದ ನಂತರ ಆಹಾರ ಬೇಡವೆಂದು ಮೊಮ್ಮಕ್ಕಳನ್ನು ಗದರಿಸುತ್ತಿದ್ದವಳು ನಡುರಾತ್ರಿಯಲ್ಲಿ ಅಡಿಗೆಮನೆಗೆ ಹೋಗುತ್ತಾಳೆ. ಇದನ್ನು ಕಂಡ ಮಕ್ಕಳ ಮನಸ್ಸಿನಲ್ಲಿ ಏಳುವ ಮಾತು, ಬಾಯಿಬಿಟ್ಟು ಹೇಳದಿದ್ದರೂ, ಒಂದೇ: ‘ಅಮ್ಮ ಈಗ ಇಲ್ಲಿ ಇಲ್ಲ.’

ಆತ್ಮವೆಂದರೆ ನೆನಪುಗಳ ಕಟ್ಟು ಎಂದಾಗಿದ್ದರೆ ಆ ಮಾತು ನಿಜವಾಗುತ್ತಿತ್ತು. ಆದರೆ ತತ್ತ್ವಾರ್ಥಸೂತ್ರವು ಸ್ಮೃತಿಯನ್ನು ಮತಿಜ್ಞಾನದೊಳಗೇ ಸೇರಿಸಿದೆ. ಮತಿಜ್ಞಾನವು ಇಂದ್ರಿಯ ಮತ್ತು ಮನಸ್ಸಿನ ನಿಮಿತ್ತದಿಂದ ಹುಟ್ಟುವ ಪರ್ಯಾಯ. ದ್ರವ್ಯಮನಸ್ಸು ಪುದ್ಗಲದಿಂದ ಆದುದು. ಅದು ಸವೆಯಬಹುದು, ಕೆಡಬಹುದು. ಜ್ಞಾನಾವರಣ ಕರ್ಮದ ಮೋಡವು ದಟ್ಟವಾದಾಗ ಮತಿಶ್ರುತಗಳು ಕುಂದುತ್ತವೆ. ಜ್ಞಾನವೆಂಬ ಗುಣವು ಮಾತ್ರ ಎಂದಿಗೂ ಶೂನ್ಯವಾಗುವುದಿಲ್ಲ. ಸೂಕ್ಷ್ಮ ನಿಗೋದದ ಲಬ್ಧ್ಯಪರ್ಯಾಪ್ತಕ ಜೀವಕ್ಕೂ, ಎಂದರೆ ಸಂಸಾರದ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿರುವ ಜೀವಕ್ಕೂ, ಯಾವ ಕರ್ಮವೂ ಮುಚ್ಚಲಾರದ ಜ್ಞಾನದ ಒಂದು ಕಣವು ಸದಾ ತೆರೆದೇ ಇರುತ್ತದೆಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಹೇಳಿದ್ದಾರೆ. ಚಾವುಂಡರಾಯನಿಗಾಗಿ ಸಿದ್ಧವಾದ ಆ ಗ್ರಂಥದ ಲೆಕ್ಕಾಚಾರಗಳು ಇಂದಿನ ಓದುಗನಿಗೆ ಶುಷ್ಕವಾಗಿ ತೋರಬಹುದು. ರೋಗಿಯ ಮಂಚದ ಪಕ್ಕದಲ್ಲಿ ಕುಳಿತವನಿಗೆ ಈ ಒಂದು ಮಾತು ಶುಷ್ಕವಾಗಿ ತೋರದು. ನಿಗೋದದ ಜೀವಿಗೇ ಇಲ್ಲವಾಗದ ಅರಿವು, ಮಗನ ಹೆಸರನ್ನು ಮರೆತ ತಾಯಿಗೆ ಇಲ್ಲವಾದೀತೆ?

ಹಾಗಾದರೆ ನೆನಪಿನಿಂದ ಆತ್ಮವನ್ನು ಸಾಧಿಸಿದ್ದು ವ್ಯರ್ಥವಾಯಿತೇ ಎಂದರೆ, ಇಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುತ್ತೇವೆ. ಹೊಗೆಯಿಲ್ಲದ ಕೆಂಡವೂ ಬೆಂಕಿಯೇ. ನೆನಪು ಆತ್ಮದ ಗುರುತು, ಆತ್ಮದ ದೇಹವಲ್ಲ.

ಇತ್ತೀಚಿನ ವಿಜ್ಞಾನವು ಮುಂದಿಟ್ಟ ಮತ್ತೊಂದು ಸಂಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. ತೀವ್ರ ಅಪಸ್ಮಾರದ ರೋಗಿಗಳಿಗೆ ಮಿದುಳಿನ ಎರಡು ಭಾಗಗಳನ್ನು ಕೂಡಿಸುವ ನರತಂತುಗಳ ಸೇತುವೆಯನ್ನು ಕತ್ತರಿಸಿದ ಮೇಲೆ ಏನಾಗುತ್ತದೆಂಬುದನ್ನು ಅಮೆರಿಕದ ರೋಜರ್ ಸ್ಪೆರಿ ಪರೀಕ್ಷಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಕಣ್ಣಿಗೆ ಕಾಣದಂತೆ ಎಡಗೈಯಲ್ಲಿ ಇಟ್ಟ ವಸ್ತುವನ್ನು ಅಂಥ ರೋಗಿಯು ಬಾಯಿಂದ ಹೆಸರಿಸಲಾರನು, ಆದರೆ ಅದೇ ಎಡಗೈಯಿಂದ ಹಲವು ವಸ್ತುಗಳ ನಡುವೆ ಅದನ್ನು ಆರಿಸಿ ತೆಗೆಯಬಲ್ಲನು. ಒಂದು ದೇಹದಲ್ಲಿ ಇಬ್ಬರು ಅರಿಯುವವರೇ ಎಂದು ಪಂಡಿತರು ಕೇಳಿದರು. ಉಪಕರಣವು ಎರಡಾಗಿ ಒಡೆದಾಗ ಕೆಲಸವೂ ಒಡೆದು ತೋರುತ್ತದೆ ಎಂಬುದು ಜೈನನ ಉತ್ತರ. ಮನಸ್ಸನ್ನು ಪುದ್ಗಲವೆಂದು ಮೊದಲೇ ಹೇಳಿದವನಿಗೆ ಈ ಪ್ರಯೋಗವು ದಿಗ್ಭ್ರಮೆಯನ್ನುಂಟುಮಾಡುವುದಿಲ್ಲ. ಆದರೆ ಇದು ಸಿದ್ಧಾಂತವನ್ನು ಕಾಪಾಡಿಕೊಳ್ಳುವ ಉತ್ತರವೇ ಹೊರತು ಎದುರಾಳಿಯನ್ನು ಒಪ್ಪಿಸುವ ಸಾಧನೆಯಲ್ಲ. ವಿಜ್ಞಾನವು ಆತ್ಮವನ್ನು ಸಾಧಿಸಿಬಿಟ್ಟಿತೆಂದು ವೇದಿಕೆಗಳ ಮೇಲೆ ಆಗಾಗ ಕೇಳಿಬರುವ ಘೋಷಣೆಗಳು ಧರ್ಮಕ್ಕೂ ವಿಜ್ಞಾನಕ್ಕೂ ಗೌರವ ತರುವುದಿಲ್ಲ.

ಈಗ ದ್ವೈತದ ವಿಚಾರ. ಆತ್ಮವಿದೆಯೆಂದು ಒಪ್ಪಿದ ಮೇಲೆ ಅದು ಒಂದೋ ಹಲವೋ, ಅರಿಯುವವನೂ ಅರಿಯಲ್ಪಡುವುದೂ ನಿಜವಾಗಿ ಎರಡೋ ಎಂಬ ಪ್ರಶ್ನೆ ಏಳುತ್ತದೆ. ಅದ್ವೈತಿಯು ಇಲ್ಲಿ ಗಾಢನಿದ್ರೆಯ ಅನುಭವವನ್ನು ಮುಂದಿಡುತ್ತಾನೆ. ಗಾಢನಿದ್ರೆಯಲ್ಲಿ ನೋಡುವವನು, ನೋಟ ಎಂಬ ಭೇದವಿಲ್ಲ. ಆದರೂ ಎದ್ದವನು ‘ಸುಖವಾಗಿ ಮಲಗಿದ್ದೆ’ ಎನ್ನುತ್ತಾನೆ. ಆದುದರಿಂದ ದ್ವೈತವಿಲ್ಲದ ಚೈತನ್ಯವು ಅನುಭವಸಿದ್ಧ ಎಂಬುದು ಅವನ ಯುಕ್ತಿ. ಸೊಗಸಾದ ಯುಕ್ತಿ ಇದು. ಆದರೆ ಎರಡರ ಅನುಭವವಿಲ್ಲದಿರುವುದು ಬೇರೆ, ಎರಡಿಲ್ಲವೆಂಬ ಅನುಭವವಿರುವುದು ಬೇರೆ. ನಿದ್ರೆಯು ದರ್ಶನಾವರಣ ಕರ್ಮದ ಒಂದು ಭೇದವೆಂದು ಜೈನರು ಎಣಿಸಿದ್ದಾರೆ. ಕಣ್ಣು ಕಟ್ಟಿದವನಿಗೆ ಕೋಣೆಯಲ್ಲಿ ಹತ್ತು ಜನರಿದ್ದರೂ ಕಾಣುವುದಿಲ್ಲ. ಅದರಿಂದ ಕೋಣೆ ಬರಿದಾಯಿತೆಂದು ಹೇಳಲಾಗದು.

ಕೊಡಗಿನ ಐನ್‌ಮನೆಯೊಂದರಲ್ಲಿ ಹಬ್ಬಕ್ಕೆ ಬಂದ ಹತ್ತು ಮಂದಿ ಒಂದೇ ಹಜಾರದಲ್ಲಿ ಮಲಗಿದ್ದಾರೆನ್ನೋಣ. ಹತ್ತು ಜನರೂ ಗಾಢನಿದ್ರೆಯಲ್ಲಿದ್ದಾರೆ. ಅದ್ವೈತಿಯ ಪ್ರಕಾರ ಅಲ್ಲಿ ಆಗ ಭೇದವಿಲ್ಲ. ಬೆಳಗಾಗುತ್ತದೆ. ಕಾಫಿ ತೋಟದ ಸಾಲ ಮಾಡಿದವನು ತನ್ನ ಸಾಲಕ್ಕೇ ಎಚ್ಚರಗೊಳ್ಳುತ್ತಾನೆ, ಮಗಳ ಮದುವೆ ಗೊತ್ತುಮಾಡಿದವನು ತನ್ನ ಸಂತೋಷಕ್ಕೇ ಎಚ್ಚರಗೊಳ್ಳುತ್ತಾನೆ. ಒಮ್ಮೆಯಾದರೂ ಅದಲುಬದಲಾಗುವುದಿಲ್ಲ. ಪಾಪ, ಸಾಲಗಾರನಿಗೆ ಅದಲುಬದಲಾದರೆ ಬೇಡವೆನ್ನುವ ಮನಸ್ಸಿರಲಾರದು! ಅಂತಃಕರಣವೆಂಬ ಉಪಾಧಿಗಳು ಬೇರೆಬೇರೆಯಾಗಿ ಉಳಿಯುವುದರಿಂದ ಹೀಗಾಗುತ್ತದೆ, ಗಡಿಗೆಗಳು ಹಲವಾದರೂ ಆಕಾಶವೊಂದೇ ಎಂದು ಅದ್ವೈತಿಯು ಉತ್ತರಿಸುತ್ತಾನೆ. ಆ ಉತ್ತರವನ್ನು ಹಗುರವಾಗಿ ಎಣಿಸಬಾರದು. ಶಂಕರಾಚಾರ್ಯರ ಪರಂಪರೆಯು ಅದನ್ನು ಬಹು ಸೂಕ್ಷ್ಮವಾಗಿ ಬೆಳೆಸಿದೆ. ಆದರೆ ಗಡಿಗೆಯೊಳಗಿನ ಆಕಾಶಕ್ಕೆ ನೋವಾಗುವುದಿಲ್ಲ. ಇಲ್ಲಿ ಒಬ್ಬನು ನೋಯುತ್ತಾನೆ, ಪಕ್ಕದವನು ಆ ನೋವನ್ನು ಅರಿಯದೆ ಗೊರಕೆ ಹೊಡೆಯುತ್ತಾನೆ. ಅಹಿಂಸೆಯನ್ನು ಪರಮಧರ್ಮವೆಂದವರಿಗೆ ಈ ಭೇದವನ್ನು ತೋರಿಕೆಯೆಂದು ತಳ್ಳಿಹಾಕುವುದು ಸುಲಭವಲ್ಲ. ಹಿಂಸೆಗೆ ಗುರಿಯಾಗುವ ಜೀವವು ಹಿಂಸಿಸುವವನಿಂದ ನಿಜವಾಗಿ ಬೇರೆಯಾಗಿದ್ದಾಗಲೇ ಅದಕ್ಕೆ ಅನ್ಯಾಯವಾಯಿತೆಂಬ ಮಾತಿಗೆ ಬೆಲೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಎತ್ತಿದ ಆಕ್ಷೇಪವೂ ಇದಕ್ಕೆ ಹತ್ತಿರದ್ದು. ಅದ್ವೈತವನ್ನು ಏಕಾಂತವಾಗಿ ಹಿಡಿದರೆ ಪುಣ್ಯಪಾಪಗಳೂ, ಅವುಗಳ ಫಲಗಳೂ, ಬಂಧಮೋಕ್ಷಗಳೂ ಎರಡಾಗಿ ನಿಲ್ಲವು. ದ್ವೈತವೇ ಇಲ್ಲದಿದ್ದರೆ ಅದನ್ನು ನಿಷೇಧಿಸುವ ಅದ್ವೈತವೆಂಬ ಶಬ್ದಕ್ಕೂ ಆಸರೆ ಇಲ್ಲ ಎಂದು ಅವರ ವಾದ.

ಅರಿಯುವವನು ಅರಿತದ್ದರಲ್ಲಿ ಬೆರೆತುಹೋಗುವುದಿಲ್ಲವೆಂಬುದಕ್ಕೆ ಕುಂದಕುಂದರು ಕೊಟ್ಟ ದೃಷ್ಟಾಂತವು ಇಂದಿನ ಸಂದರ್ಭಕ್ಕೆ ಹೇಳಿ ಮಾಡಿಸಿದಂತಿದೆ. ಪ್ರತಿಷ್ಠೆಗಾಗಿ ಬಸದಿಯ ಗೋಡೆಗಳಿಗೆ ಸುಣ್ಣ ಬಳಿಯುತ್ತಾರೆ. ಸುಣ್ಣವು ಗೋಡೆಯನ್ನು ಬೆಳ್ಳಗೆ ಮಾಡುತ್ತದೆ, ಗೋಡೆಯಾಗುವುದಿಲ್ಲ. ಗೋಡೆಯು ಬೆಳ್ಳಗೆ ಕಾಣುತ್ತದೆ, ಸುಣ್ಣವಾಗುವುದಿಲ್ಲ. ಬಿಳುಪು ಸುಣ್ಣದ್ದೇ. ಹಾಗೆಯೇ ಆತ್ಮವು ವಸ್ತುಗಳನ್ನು ಅರಿಯುತ್ತದೆ, ಆ ವಸ್ತುಗಳದಾಗುವುದಿಲ್ಲ, ಅರಿವು ಅರಿಯುವವನದೇ. ಕೋಪ ಬಂದಾಗ ‘ನಾನು ಕೋಪ’ ಎಂದುಕೊಳ್ಳುವವನು ಗೋಡೆಯನ್ನೇ ಸುಣ್ಣವೆಂದು ತಿಳಿದವನು. ಭೇದವಿಜ್ಞಾನವೆಂದು ಶಾಸ್ತ್ರಗಳಲ್ಲಿ ಹೊಗಳಿರುವ ವಿದ್ಯೆಯು ಇದೇ. ಮೊದಲು ಎರಡನ್ನು ಎರಡಾಗಿ ಕಾಣುವುದನ್ನು ಕಲಿಯದೆ ಒಂದನ್ನು ಕಾಣಲಾಗದು. ಇದುವರೆಗೆ ಸಿದ್ಧರಾದವರೆಲ್ಲ ಭೇದವಿಜ್ಞಾನದಿಂದಲೇ ಸಿದ್ಧರಾದರೆಂದು ಅಮೃತಚಂದ್ರಸೂರಿಗಳ ಅಭಿಪ್ರಾಯ.

ಇಷ್ಟಾದ ಮೇಲೆ ಜೈನನು ದ್ವೈತವಾದಿಯೆಂದು ಚೀಟಿ ಅಂಟಿಸಿ ಕೂಡಿಸಬಹುದೇ? ಅಲ್ಲಿಯೂ ಆತುರಪಡುವಂತಿಲ್ಲ. ನಿಶ್ಚಯನಯದಿಂದ ನೋಡಿದಾಗ ಆತ್ಮದಲ್ಲಿ ದರ್ಶನ, ಜ್ಞಾನ, ಚಾರಿತ್ರವೆಂಬ ಭೇದವೂ ಇಲ್ಲ, ಅದು ಬರಿಯ ಜ್ಞಾಯಕವೆಂದು ಅದೇ ಸಮಯಸಾರವು ಹೇಳುತ್ತದೆ. ಶುದ್ಧೋಪಯೋಗದಲ್ಲಿ ನೆಲೆನಿಂತ ಮುನಿಗೆ ಅರಿಯುವವನು, ಅರಿವು, ಅರಿಯಲ್ಪಟ್ಟದ್ದು ಎಂಬ ಮೂರು ಬೇರೆಬೇರೆಯಾಗಿ ಭಾಸವಾಗುವುದಿಲ್ಲ. ಅನುಭವದ ಮಟ್ಟದಲ್ಲಿ ಅದು ಅದ್ವೈತವೇ. ಆದರೆ ಆ ಮುನಿಯ ಅನುಭವದಲ್ಲಿ ಎರಡು ತೋರದಿದ್ದ ಮಾತ್ರಕ್ಕೆ ನೆರೆಯ ಜೀವವು ಇಲ್ಲವಾಯಿತೆಂದು ಜೈನನು ಹೇಳನು. ಅನುಭವದಲ್ಲಿ ಭೇದವು ಅಡಗುವುದು ಒಂದು. ಲೋಕದಲ್ಲಿ ಭೇದವು ಅಳಿಯುವುದು ಮತ್ತೊಂದು. ಅದ್ವೈತಿಯ ಅನುಭವವನ್ನು ಒಪ್ಪಿ ಅವನ ತೀರ್ಮಾನವನ್ನು ಒಪ್ಪದಿರುವ ಸ್ವಾತಂತ್ರ್ಯವನ್ನು ಅನೇಕಾಂತವು ಕೊಟ್ಟಿದೆ.

ನಿಶ್ಚಯನಯದ ಈ ಎತ್ತರದ ಮಾತನ್ನು ತಪ್ಪಾಗಿ ಬಳಸುವವರೂ ಉಂಟು. ಆತ್ಮವು ಸದಾ ಶುದ್ಧ, ಅದಕ್ಕೆ ಬಂಧವೇ ಇಲ್ಲ, ಆದುದರಿಂದ ಪೂಜೆ, ದಾನ, ವ್ರತ ಎಲ್ಲವೂ ವ್ಯರ್ಥ ಎಂದು ಎರಡು ಗಾಥೆಗಳನ್ನು ಓದಿ ಪಾಂಡಿತ್ಯ ತೋರಿಸುವುದನ್ನು ಕಾಣುತ್ತೇವೆ. ಕುಂದಕುಂದರೇ ಇದನ್ನು ಮುಂದಾಗಿ ಕಂಡಿದ್ದರು. ಮ್ಲೇಚ್ಛನಿಗೆ ಅವನ ಭಾಷೆಯನ್ನು ಬಿಟ್ಟು ತಿಳಿಯಹೇಳಲಾಗದಂತೆ ವ್ಯವಹಾರವನ್ನು ಬಿಟ್ಟು ಪರಮಾರ್ಥವನ್ನು ಉಪದೇಶಿಸಲಾಗದು ಎಂದರು. ಸೈನ್ಯವು ಊರನ್ನು ದಾಟುವಾಗ ಜನರು ‘ಅರಸನು ಹೊರಟನು’ ಎನ್ನುತ್ತಾರೆ. ಆನೆ, ಕುದುರೆ, ಕಾಲಾಳುಗಳೆಲ್ಲವೂ ಅರಸನಲ್ಲ, ಅರಸನು ಒಬ್ಬನೇ. ಆದರೂ ಜನರು ಆಡಿದ್ದು ಸುಳ್ಳಲ್ಲ. ರಾಗದ್ವೇಷಗಳ ಪರಿವಾರದೊಂದಿಗೆ ಹೊರಟ ಆತ್ಮವನ್ನು ‘ಜೀವ’ನೆಂದು ಕರೆಯುವುದೂ ಹೀಗೆಯೇ ಎಂದು ಅವರ ವಿವರಣೆ. ಪರಿವಾರವನ್ನೇ ಅರಸನೆನ್ನುವವನೂ ತಪ್ಪಿದನು, ಪರಿವಾರವೇ ಇಲ್ಲವೆಂದು ಬೀದಿಗೆ ಅಡ್ಡ ನಿಂತವನೂ ತಪ್ಪಿದನು. ಎರಡನೆಯವನನ್ನು ಆನೆ ತುಳಿಯುತ್ತದೆ.

ಮತ್ತೆ ಮುಳ್ಳೂರಿಗೆ, ಗುಣಸೇನ ಪಂಡಿತರ ಶಾಸನಕ್ಕೆ ಮರಳಬಹುದು. ದೇಹವನ್ನು ಬಿಡುವುದು, ದೇಹವನ್ನು ಕೊಲ್ಲುವುದು ಇವೆರಡೂ ಒಂದೇ ಎಂಬ ಸಂದೇಹವು ಇತ್ತೀಚೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸಲ್ಲೇಖನವು ಆತ್ಮಹತ್ಯೆಯ ಅಪರಾಧವೆಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ತೀರ್ಪಿತ್ತಿತು. ದೇಶದಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಕಾನೂನಿನ ಸೂಕ್ಷ್ಮಗಳು ನ್ಯಾಯವಾದಿಗಳಿಗಿರಲಿ. ತತ್ತ್ವದ ದೃಷ್ಟಿಯಿಂದ, ದೇಹವೇ ನಾನು ಎನ್ನುವವನಿಗೆ ಅವೆರಡರ ಅಂತರವನ್ನು ತಿಳಿಸಿ ಹೇಳುವುದು ಕಷ್ಟ. ದೇಹವನ್ನು ಬೇರೆಯೆಂದು ಎಚ್ಚರದಲ್ಲಿ ಅರಿತವನಿಗೆ ಹೇಳಬೇಕಾಗಿಯೇ ಇಲ್ಲ. ಪರಿಹಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗ ಇವು ಒದಗಿದಾಗ ಮಾತ್ರ ಎಂದು ಸಮಂತಭದ್ರರು ರತ್ನಕರಂಡಕದಲ್ಲಿ ಎಲ್ಲೆ ಹಾಕಿದ್ದಾರೆ. ಅರಿವು ಎಚ್ಚರವಾಗಿರುವಾಗಲೇ ಆ ವ್ರತವನ್ನು ಸ್ವೀಕರಿಸಬೇಕು. ಮರೆವಿನ ರೋಗದಲ್ಲಿ ಸಿಲುಕಿದವರ ಪರವಾಗಿ ಮಕ್ಕಳು ಅದನ್ನು ನಿರ್ಣಯಿಸುವಂತಿಲ್ಲ. ಈ ಮಾತನ್ನು ಇಂಥ ಸಭೆಗಳಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಬೇಕಾದ ಅಗತ್ಯವಿದೆ.

ಅಂಥವರಿಗಾಗಿ ಮನೆಯವರು ಮಾಡಬಹುದಾದ ಕಾರ್ಯವೊಂದು ಹಿಂದಿನಿಂದಲೂ ನಡೆದುಬಂದಿದೆ. ಅವಸಾನದ ಹೊತ್ತಿನಲ್ಲಿ ಹಾಸಿಗೆಯ ಬಳಿ ಕುಳಿತು, ಕಿವಿಯ ಹತ್ತಿರ ಬಾಗಿ, ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾರೆ. ಮಲಗಿದವರು ಕಣ್ಣು ತೆರೆಯುವುದಿಲ್ಲ, ತುಟಿ ಆಡಿಸುವುದಿಲ್ಲ, ಹೇಳುತ್ತಿರುವವರು ಯಾರೆಂದು ಎಷ್ಟೋ ದಿನಗಳಿಂದ ಗುರುತಿಸಿಲ್ಲ. ಆದರೂ ಅಲ್ಲಿ ಕುಳಿತವರು ಬರಿಯ ದೇಹಕ್ಕೆ ಮಂತ್ರ ಹೇಳುತ್ತಿರುವಂತೆ ಹೇಳುವುದಿಲ್ಲ. ಕೇಳುವವರೊಬ್ಬರು ಒಳಗಿದ್ದಾರೆಂದು ತಿಳಿದು, ಒಂದು ಅಕ್ಷರವೂ ಜಾರದಂತೆ, ನಿಧಾನವಾಗಿ ಹೇಳುತ್ತಾರೆ.